ತಲೆನೋವಿನ ಚೀಟಿಯಲ್ಲಿ ಬರೆಯದ ಕಾಯಿಲೆ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಯಾವ ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಬೇಕಾದರೂ ಬೆಳಿಗ್ಗೆ ಹತ್ತು ಗಂಟೆಗೆ ಕುಳಿತು ನೋಡಿ. ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ತಪ್ಪದೆ ಬರುವ ಕೆಲವು ಹೆಂಗಸರು ಅಲ್ಲಿರುತ್ತಾರೆ. ತಲೆನೋವು, ಮೈಯೆಲ್ಲ ಉರಿ, ಎದೆ ಢವಢವ, ಹೊಟ್ಟೆಯಲ್ಲಿ ಸಂಕಟ, ರಾತ್ರಿಯೆಲ್ಲ ನಿದ್ರೆ ಇಲ್ಲ. ರಕ್ತ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ, ಸಿಕ್ಕರೆ ರಕ್ತಹೀನತೆ ಸಿಗುತ್ತದೆ. ಅದು ನಮ್ಮಲ್ಲಿ ಯಾರಿಗಿಲ್ಲ? ಕಬ್ಬಿಣದ ಮಾತ್ರೆ, ಗ್ಯಾಸಿನ ಮಾತ್ರೆ, ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ತೆಗೆದುಕೊಂಡು ಅವರು ಮತ್ತೆ ಬಸ್ಸು ಹತ್ತುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವರು, "ಇವಳದ್ದು ಯಾವಾಗಲೂ ಇದ್ದದ್ದೇ" ಎಂದು ಪಿಸುಗುಡುತ್ತಾರೆ.

ಇವರಲ್ಲಿ ಎಲ್ಲರೂ ಅಲ್ಲದಿದ್ದರೂ ಹಲವರು ಮೈಯಲ್ಲಿ ಹೊತ್ತು ತಂದಿರುವುದು ಮನೆಯೊಳಗಿನ ಹೊಡೆತದ ಕಾಯಿಲೆಯನ್ನು. ಅದಕ್ಕೆ ಹೆಸರಿದೆ, ಗುರುತಿಸುವ ಕ್ರಮವಿದೆ, ಚಿಕಿತ್ಸೆಯೂ ಇದೆ. ಇಲ್ಲದಿರುವುದು ಒಂದು ಪ್ರಶ್ನೆ. "ಮನೆಯಲ್ಲಿ ಯಾರಾದರೂ ನಿನಗೆ ಹೊಡೆಯುತ್ತಾರಾ, ಹೆದರಿಸುತ್ತಾರಾ?" ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಯಾರೂ ಕೇಳುವುದಿಲ್ಲ. ನಾನು ಡಾಕ್ಟರಲ್ಲ. ನಮ್ಮ ಹೆಂಗಸರ ಜೊತೆ ಆಸ್ಪತ್ರೆ, ಠಾಣೆ, ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವಳು. ಹತ್ತಿ ಇಳಿದು ನನಗೆ ಖಚಿತವಾದ ಮಾತೆಂದರೆ, ಈ ಪ್ರಶ್ನೆ ಕೇಳುವುದು ಠಾಣೆಗಿಂತ ಮೊದಲು ಆಸ್ಪತ್ರೆಯಲ್ಲಿ ಆಗಬೇಕು. ಯಾಕೆಂದರೆ ಠಾಣೆಗೆ ಹೋಗದ ಹೆಂಗಸು ಕೂಡ ತಲೆನೋವಿಗೆಂದು ಆಸ್ಪತ್ರೆಗೆ ಹೋಗುತ್ತಾಳೆ. ಗಂಡ, ಅತ್ತೆ ಕೂಡ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಕೆಲಸಕ್ಕೆ ಜನ ಬೇಕಲ್ಲ!

ಈ ಕಾಯಿಲೆಯನ್ನು ಡಾಕ್ಟರರು ಪಿಟಿಎಸ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಬರೆಯುತ್ತಾರೆ. ಪದ ಭಾರವಾಯಿತು, ಆದರೆ ವಿಷಯ ನಮಗೆ ಗೊತ್ತಿರುವುದೇ. ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿ ಬಂದವನು ದಡದ ಮೇಲೆ ನಿಂತಿದ್ದರೂ ಕಾಲಡಿಯ ನೆಲ ತೂಗಿದಂತಾಗುತ್ತದೆ ಎನ್ನುತ್ತಾನೆ. ಹಾಗೆಯೇ ಜೀವಕ್ಕೆ ಅಪಾಯ ತಂದ ಘಟನೆ ಮುಗಿದರೂ ಮೈಗೆ ಅದು ಮುಗಿದಿರುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಈ ತೂಗಾಟ ನಿಲ್ಲುತ್ತದೆ. ಒಂದು ತಿಂಗಳು ಕಳೆದರೂ ನಿಲ್ಲದೆ, ಮನೆಗೆಲಸ, ಮಕ್ಕಳು, ದುಡಿಮೆ ಎಲ್ಲಕ್ಕೂ ಅಡ್ಡ ಬಂದರೆ ಅದು ಕಾಯಿಲೆ.

ನಮ್ಮ ಕರಾವಳಿ ಇಂಥ ಆಘಾತಗಳನ್ನು ಸಾಕಷ್ಟು ಕಂಡಿದೆ. 1993ರಲ್ಲಿ ಭಟ್ಕಳದ ಗಲಭೆ ತಿಂಗಳುಗಟ್ಟಲೆ ಉರಿಯಿತು. ಅಂದು ಮಕ್ಕಳಾಗಿದ್ದವರು ಈಗ ಮಕ್ಕಳ ತಾಯಂದಿರು. ರಾತ್ರಿ ಪಟಾಕಿ ಸಿಡಿದರೆ ಕದದ ಚಿಲಕ ಮತ್ತೊಮ್ಮೆ ನೋಡಿ ಬರುವವರು ಎರಡೂ ಕಡೆಯ ಕೇರಿಗಳಲ್ಲಿದ್ದಾರೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿಯಲ್ಲಿದ್ದ ಏಳು ಮಂದಿ ಮರಳಲಿಲ್ಲ, ಅವರಲ್ಲಿ ಐವರು ನಮ್ಮ ಜಿಲ್ಲೆಯವರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ದೋಣಿಯ ಅವಶೇಷ ಪತ್ತೆಯಾಯಿತು, ಮನುಷ್ಯರು ಸಿಗಲಿಲ್ಲ. ಹೆಣವನ್ನೂ ಕಾಣದ ಹೆಂಡತಿ ತಾಳಿ ತೆಗೆಯಬೇಕೋ ಬೇಡವೋ ಎಂದು ಊರು ಚರ್ಚಿಸುತ್ತದೆ, ಅವಳ ನಿದ್ರೆಯ ಮಾತು ಯಾರೂ ಎತ್ತುವುದಿಲ್ಲ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು.

ಗುಡ್ಡ ಕುಸಿದರೆ ಮಂತ್ರಿಗಳು ಬರುತ್ತಾರೆ, ಟಿವಿಯವರು ಬರುತ್ತಾರೆ, ಪರಿಹಾರದ ಚೆಕ್ಕು ಬರುತ್ತದೆ. ಬರಲಿ, ಬರಬೇಕು. ಆದರೆ ಪ್ರತಿ ಶನಿವಾರ ರಾತ್ರಿ ಒಂದು ಮನೆಯೊಳಗೆ ಒಬ್ಬಳ ಮೇಲೆ ಬೀಳುವ ಗುಡ್ಡಕ್ಕೆ ಯಾವ ಮಂತ್ರಿ ಬಂದಾನು? 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡ 44ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಶೇಕಡ 20ರ ಆಸುಪಾಸಿನಲ್ಲಿತ್ತು. ಇಡೀ ದೇಶದ ಲೆಕ್ಕದಲ್ಲಿ, ಏಟು ತಿಂದವರಲ್ಲಿ ಯಾರದಾದರೂ ಸಹಾಯ ಕೇಳಿದವರು ಶೇಕಡ 14 ಮಾತ್ರ. ಕೇಳಿದವರೂ ಹೆಚ್ಚಾಗಿ ತವರಿಗೆ ಹೋದವರು, ಡಾಕ್ಟರರ ಹತ್ತಿರ ಬಾಯಿ ಬಿಟ್ಟವರು ತೀರಾ ಕಡಿಮೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು (ನಮ್ಮ ರಾಜ್ಯ ಆ ಹನ್ನೆರಡರಲ್ಲಿ ಇರಲಿಲ್ಲ). ಪಿಟಿಎಸ್‌ಡಿ ಇರುವವರು ಶೇಕಡ 0.24 ಎಂದು ಅದರ ಲೆಕ್ಕ. ಸಾವಿರ ಜನರಲ್ಲಿ ಇಬ್ಬರೋ ಮೂವರೋ! ನೂರರಲ್ಲಿ ಅಷ್ಟೊಂದು ಹೆಂಗಸರಿಗೆ ಏಟು ಬೀಳುವ ನಾಡಿನಲ್ಲಿ ಆಘಾತದ ಕಾಯಿಲೆ ಇಷ್ಟು ಅಪರೂಪವೇ? ನಮ್ಮ ಹೆಂಗಸರು ಕಬ್ಬಿಣದಿಂದ ಮಾಡಿದವರೇನಲ್ಲ. ಮನೆ ಬಾಗಿಲಿಗೆ ಬಂದು ಪಟ್ಟಿ ಹಿಡಿದು ಕೇಳುವ ಅಪರಿಚಿತರ ಮುಂದೆ, ಒಳಕೋಣೆಯಲ್ಲಿ ಅತ್ತೆ ಕಿವಿಗೊಟ್ಟಿರುವಾಗ, ಯಾರು ಬಾಯಿ ಬಿಟ್ಟಾರು? ನನ್ನ ಓದು ಇದು, ತಜ್ಞರು ಒಪ್ಪದಿರಬಹುದು.

ಒಬ್ಬಳ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ಮದುವೆಯಲ್ಲಿ ಬಂಗಾರ ಕೊಟ್ಟಾಗಿತ್ತು. ಆಮೇಲೆ ಗಂಡ ರಿಕ್ಷಾ ತೆಗೆಯಲು ಹಣ ತಾ ಎಂದು ಶುರು ಮಾಡಿದ. ಒಂದು ರಾತ್ರಿ ಅವಳ ಮೈಮೇಲೆ ಸೀಮೆಎಣ್ಣೆ ಸುರಿದ. ಕಡ್ಡಿ ಗೀರಲಿಲ್ಲ, ಕಡ್ಡಿಪೆಟ್ಟಿಗೆಯನ್ನು ಅವಳ ಮುಂದೆ ಅಲ್ಲಾಡಿಸಿ ನಕ್ಕ. ಅವಳು ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ತವರಿನವರು ಒಳ್ಳೆಯವರು, ಕಳಿಸಲಿಲ್ಲ. ಹಾಗಾದರೆ ಕಷ್ಟ ಮುಗಿಯಿತಲ್ಲ ಎಂದು ಎಲ್ಲರೂ ಅಂದುಕೊಂಡರು. ಆದರೆ ತಮ್ಮನಿಗೆ ನಾಡದೋಣಿ ಇತ್ತು, ಅದರ ಮೋಟಾರಿಗೆ ತಂದ ಸೀಮೆಎಣ್ಣೆ ಕ್ಯಾನು ಅಂಗಳದ ಮೂಲೆಯಲ್ಲಿ ಇರುತ್ತಿತ್ತು. ಅವನು ಬೆಳಗಿನ ಜಾವ ಎಣ್ಣೆ ಬಗ್ಗಿಸುವ ಹೊತ್ತಿಗೆ ಇವಳಿಗೆ ಉಸಿರು ಕಟ್ಟುತ್ತಿತ್ತು, ಕೈಕಾಲು ತಣ್ಣಗಾಗಿ ಬಿದ್ದುಬಿಡುತ್ತಿದ್ದಳು. ಸೋಂಕು ಅಂದರು, ದಾರ ಕಟ್ಟಿಸಿದರು. ದಾರದಿಂದ ಏನಾದರೂ ಹಾನಿಯಾಯಿತೆಂದು ನಾನು ಹೇಳಲಾರೆ, ಆದರೆ ಕ್ಯಾನು ಅಲ್ಲೇ ಇತ್ತು.

ಅವಳು ಆಸ್ಪತ್ರೆಯ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ಚಾಪೆಯ ಮೇಲೆ ಹರವಿ ಎಣಿಸಿದೆವು, ಹದಿನಾಲ್ಕು ಇದ್ದವು. ತಲೆನೋವು, ಸುಸ್ತು, ಮೈಕೈ ನೋವು, ಮತ್ತೆ ತಲೆನೋವು. ಹದಿನಾಲ್ಕರಲ್ಲಿ ಒಂದರ ಮೇಲೂ ಗಂಡ ಎಂಬ ಪದ ಇರಲಿಲ್ಲ. ಹದಿನೈದನೆಯ ಸಲ ಒಬ್ಬರು ಸಿಸ್ಟರ್ ಇಂಜೆಕ್ಷನ್ ಕೋಣೆಯ ಕದ ಮುಂದೆ ಮಾಡಿ, "ತಂಗಿ, ಯಾರನ್ನ ಕಂಡ್ರೆ ನಿಂಗೆ ಹೆದ್ರಿಕೆ?" ಎಂದು ಕೇಳಿದರು. ಅರ್ಧ ಗಂಟೆ ಅತ್ತಳಂತೆ. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕಾ, ನಂಗೆ ತಲೆ ಕೆಟ್ಟಿದ್ದಲ್ಲ ಅಂದ್ರು" ಎಂದು ಹೇಳಿದಳು. ಮಾತ್ರೆಗಿಂತ ಮೊದಲು ಅವಳಿಗೆ ಗುಣ ಕೊಟ್ಟದ್ದು ಆ ಮಾತು. ಡಾಕ್ಟರರ ಮೇಲೆ ಪೂರ್ತಿ ಸಿಟ್ಟು ಮಾಡಲೂ ಆಗುವುದಿಲ್ಲ. ಒಬ್ಬರೇ ಡಾಕ್ಟರು, ಎದುರಿಗೆ ಉದ್ದ ಸಾಲು, ಒಬ್ಬರಿಗೆ ಎರಡು ನಿಮಿಷ. ಆದರೆ ಹದಿನಾಲ್ಕು ಸಲ ಎರಡೆರಡು ನಿಮಿಷ ಎಂದರೂ ಇಪ್ಪತ್ತೆಂಟು ನಿಮಿಷವಾಯಿತು. ಅದನ್ನು ಒಂದೇ ಸಲ ಕೊಟ್ಟಿದ್ದರೆ ಸಾಕಿತ್ತಲ್ಲವೇ?

ಗುರುತಿಸುವುದು ಕಷ್ಟವಲ್ಲ. ಅಮೆರಿಕದಲ್ಲಿ ಸೈನ್ಯದಿಂದ ಮರಳಿದವರ ಆಸ್ಪತ್ರೆಗಳಲ್ಲಿ ಸಾಮಾನ್ಯ ಡಾಕ್ಟರರಿಗಾಗಿಯೇ ಐದು ಪ್ರಶ್ನೆಗಳ ಚಿಕ್ಕ ಪಟ್ಟಿಯೊಂದನ್ನು ಮಾಡಿದ್ದಾರೆ. ಮೊದಲು, ಜೀವಕ್ಕೆ ಹೆದರುವಂಥದ್ದು ಏನಾದರೂ ನಡೆದಿದೆಯೇ ಎಂದು ಕೇಳಬೇಕು. ನಡೆದಿದ್ದರೆ, ಕಳೆದ ಒಂದು ತಿಂಗಳಲ್ಲಿ ಅದು ಕನಸಿನಲ್ಲಿ ಬಂದಿದೆಯೇ, ಬೇಡವೆಂದರೂ ಕಣ್ಣ ಮುಂದೆ ಬರುತ್ತದೆಯೇ? ಅದನ್ನು ನೆನಪಿಸುವ ಜಾಗ, ಜನ, ಮಾತನ್ನು ತಪ್ಪಿಸಿಕೊಂಡು ತಿರುಗುತ್ತೀಯಾ? ಯಾವಾಗಲೂ ಎಚ್ಚರದಲ್ಲೇ ಇರುತ್ತೀಯಾ, ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತೀಯಾ? ಯಾರೂ ಬೇಡ, ಏನೂ ಬೇಡ, ಮನಸ್ಸು ಮರಗಟ್ಟಿದೆ ಅನ್ನಿಸುತ್ತದೆಯೇ? ನಡೆದದ್ದಕ್ಕೆಲ್ಲ ನಾನೇ ಕಾರಣ ಎಂದು ಕೊರಗುತ್ತೀಯಾ? ಮೂರು ನಾಲ್ಕಕ್ಕೆ ಹೌದು ಎಂದರೆ ಮುಂದೆ ವಿವರವಾಗಿ ವಿಚಾರಿಸಬೇಕು. ಇಷ್ಟರಿಂದಲೇ ಕಾಯಿಲೆ ಇದೆ ಎಂದು ತೀರ್ಮಾನಿಸಬಾರದು, ಅದು ಡಾಕ್ಟರರ ಕೆಲಸ. ಆದರೆ ಈ ಪ್ರಶ್ನೆಗಳಲ್ಲಿ ನಮಗೆ ತಿಳಿಯದ ಪದ ಒಂದಾದರೂ ಇದೆಯೇ? ಬೈಕಿನ ಸ್ಟ್ಯಾಂಡು ಹಾಕಿದ ಸದ್ದಿಗೆ ಕೈಯಲ್ಲಿದ್ದ ಪಾತ್ರೆ ಬೀಳಿಸುವವಳು ನಿಮ್ಮ ಸಂಘದಲ್ಲೇ ಇರಬಹುದು. ಕಂತು ಕಟ್ಟಲು ಬರುತ್ತಾಳೆ, ಮೂಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳೆ, ಸಹಿ ಮಾಡಿ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಾಳೆ. ನಾವು ಅವಳನ್ನು ಜಂಬದವಳು ಎನ್ನುತ್ತೇವೆ.

ಈ ಕಾಯಿಲೆಗೆ ಹೆಸರು ಬಂದ ಕತೆಯೂ ತಿಳಿದಿರಲಿ. ವಿಯಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಹೋರಾಡಿದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಎಂಬ ಹೆಸರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿದರು. ಅದೇ ಕಾಲದಲ್ಲಿ ಅಲ್ಲಿನ ಮಹಿಳಾ ಚಳವಳಿ ಅತ್ಯಾಚಾರಕ್ಕೆ ಒಳಗಾದವರ, ಏಟು ತಿಂದವರ ಪಾಡನ್ನು ಹೊರಗೆ ತರುತ್ತಿತ್ತು. ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಬರೆದ ಪುಸ್ತಕದಲ್ಲಿ, ಯುದ್ಧಕೈದಿಗೂ ಗಂಡನ ಮನೆಯಲ್ಲಿ ಬಂಧಿಯಾದ ಹೆಂಗಸಿಗೂ ಆಗುವ ಗಾಯ ಒಂದೇ ಬಗೆಯದು ಎಂದು ತೋರಿಸಿದರು. ಗಾಯ ಒಂದೇ, ಆದರೆ ಪದಕ ಸಿಗುವುದು ಒಬ್ಬರಿಗೆ.

ನನಗೆ ಜಗಳವಿರುವುದು ಹೆಸರಿನಲ್ಲಿರುವ 'ಉತ್ತರ' ಎಂಬ ಪದದ ಜೊತೆ. ಆಘಾತದ ನಂತರ ಎನ್ನುತ್ತಾರೆ. ನಮ್ಮ ಹೆಂಗಸಿಗೆ ಆ 'ನಂತರ' ಯಾವಾಗ ಬರುತ್ತದೆ? ಸೈನಿಕ ಯುದ್ಧ ಮುಗಿಸಿ ಮನೆಗೆ ಬರುತ್ತಾನೆ, ಇವಳಿಗೆ ಮನೆಯೇ ಯುದ್ಧ. ಆಸ್ಪತ್ರೆಯಿಂದ ಹೊರಟು ಅದೇ ಮನೆಗೆ ಹೋಗುವವಳಿಗೆ ಎಚ್ಚರವಾಗಿರುವುದು ಕಾಯಿಲೆಯಲ್ಲ, ಬುದ್ಧಿ. ಬೈಕಿನ ಸದ್ದಿಗೆ ಬೆಚ್ಚುವುದರಿಂದಲೇ ಅವಳು ಮಗುವನ್ನು ಹಿತ್ತಿಲಿಗೆ ಕಳಿಸುತ್ತಾಳೆ. ಅಂಥವಳಿಗೆ ನಿದ್ರೆಮಾತ್ರೆ ಕೊಟ್ಟು ಕಳಿಸುವುದೆಂದರೆ ಕಾವಲುಗಾರನಿಗೆ ಮಂಪರು ಬರಿಸಿ ಬಾಗಿಲು ತೆರೆದಿಟ್ಟಂತೆ. ಆದ್ದರಿಂದ ಆಸ್ಪತ್ರೆಯ ಮೊದಲ ಪ್ರಶ್ನೆ "ನಿದ್ರೆ ಬರುತ್ತದಾ" ಎಂದಲ್ಲ, "ಈ ರಾತ್ರಿ ನಿನಗೆ ಅಪಾಯ ಇದೆಯಾ" ಎಂದಿರಬೇಕು. "ಜೀವ ಕಳೆದುಕೊಳ್ಳಬೇಕು ಅನ್ನಿಸುತ್ತದಾ" ಎಂದೂ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ಸುಳ್ಳು ಹೆದರಿಕೆ.

ನಿದ್ರೆಮಾತ್ರೆಯ ಬಗ್ಗೆ ಇನ್ನೊಂದು ಮಾತು. ಆಘಾತವಾದ ಮೊದಲ ತಿಂಗಳಲ್ಲಿ ಆಲ್ಪ್ರಜೋಲಾಮ್, ಡಯಜಪಾಮ್ ಜಾತಿಯ ಮಾತ್ರೆಗಳನ್ನು ಆ ತೊಂದರೆಗೆಂದು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಕೆಲವು ವಾರ ತಿಂದರೆ ಅವು ಬಿಡಲಾರದ ಚಟವಾಗುತ್ತವೆ. ಈ ಕಾಯಿಲೆಗೆ ಮುಖ್ಯ ಚಿಕಿತ್ಸೆ ಮಾತಿನದು. ತರಬೇತಾದವರ ಜೊತೆ ಕುಳಿತು, ನಡೆದದ್ದನ್ನು ತನ್ನ ವೇಗದಲ್ಲಿ ಹೇಳುತ್ತ, ಅದು ಮುಗಿದ ಸಂಗತಿ ಎಂದು ಮೈಗೆ ಕಲಿಸುವುದು. ಬೇಕಾದವರಿಗೆ ಸರ್ಟ್ರಲೀನ್‌ನಂಥ ಮಾತ್ರೆಗಳಿವೆ. ಅವು ನಿದ್ರೆಮಾತ್ರೆಗಳಲ್ಲ, ಕೆಲಸ ಮಾಡಲು ವಾರಗಳು ಹಿಡಿಯುತ್ತವೆ, ಡಾಕ್ಟರನ್ನು ಕೇಳದೆ ತಟ್ಟನೆ ಬಿಡಬಾರದು. ನಾಲ್ಕು ದಿನ ತಿಂದು ಗುಣ ಕಾಣಲಿಲ್ಲ ಎಂದು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಇಷ್ಟು ವಿಷಯವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ನಮ್ಮ ಚಳವಳಿಯ ಕೆಲವು ಗೆಳತಿಯರು ಈ ಮಾತಿಗೆಲ್ಲ ಮುಖ ಗಂಟಿಕ್ಕುತ್ತಾರೆ. "ಇದು ರೋಗವಲ್ಲ, ಶೋಷಣೆ. ಅವನು ಹೊಡೆದರೆ ಅವಳಿಗೇಕೆ ಮಾತ್ರೆ?" ಎನ್ನುತ್ತಾರೆ. ಪ್ರಶ್ನೆ ಸರಿ. ಆದರೆ ಕಾಲು ಮುರಿದರೂ ಅವನೇ ಮುರಿದದ್ದು, ಹಾಗೆಂದು ನಾವು ಪ್ಲಾಸ್ಟರ್ ಬೇಡ ಎನ್ನುತ್ತೇವೆಯೇ? ಕೋರ್ಟಿನಲ್ಲಿ ದಿನಾಂಕ, ಘಟನೆ ನೆನಪಿಟ್ಟು ಹೇಳಬೇಕಾದವಳು ಅವಳು. ಈ ಕಾಯಿಲೆ ನೆನಪನ್ನೇ ಚೂರು ಮಾಡುತ್ತದೆ. ವಕೀಲರು ಗದರಿದರೆ ಬಾಯಿ ಕಟ್ಟುತ್ತದೆ, ನಿನ್ನೆ ಹೇಳಿದ್ದು ಇಂದು ತಪ್ಪುತ್ತದೆ. ಸುಳ್ಳು ಹೇಳುತ್ತಾಳೆ ಎಂದು ಬರೆದುಕೊಳ್ಳುತ್ತಾರೆ. ಕೇಸು ಬಿದ್ದುಹೋಗುತ್ತದೆ. ನ್ಯಾಯಕ್ಕಾಗಿಯೇ ಚಿಕಿತ್ಸೆ ಬೇಕು.

ಇನ್ನೊಂದು ಹೆದರಿಕೆ ಹೆಂಗಸರದ್ದೇ, ಅದು ಸುಮ್ಮನೆ ಹುಟ್ಟಿದ್ದಲ್ಲ. "ಮಾನಸಿಕ ಡಾಕ್ಟರ ಚೀಟಿ ಸಿಕ್ಕರೆ ಹುಚ್ಚಿ ಅಂತ ಡೈವೋರ್ಸ್ ಹಾಕ್ತಾರೆ, ಮಗುವನ್ನ ಕಿತ್ಕೊಳ್ತಾರೆ." ಹೀಗೆ ಹೆದರಿಸುವ ಗಂಡಂದಿರಿದ್ದಾರೆ, ಹೆದರಿಸುವ ವಕೀಲರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಸ್ಪಷ್ಟವಾಗಿದೆ: ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿಸ್ಥಿಮಿತ ಇಲ್ಲ ಎಂದು ಅರ್ಥವಲ್ಲ, ಅದನ್ನು ಹೇಳಬೇಕಾದ್ದು ನ್ಯಾಯಾಲಯ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂಬುದೂ ಅದೇ ಕಾಯ್ದೆಯ 23ನೇ ಕಲಮಿನಲ್ಲಿದೆ. ಅದಕ್ಕಿಂತ ಮುಖ್ಯವಾಗಿ, "ಗಂಡ ಹೊಡೆದ ಮೇಲೆ ಶುರುವಾದ ತೊಂದರೆ" ಎಂದು ಬರೆದ ಆಸ್ಪತ್ರೆ ಚೀಟಿ ಅವಳ ಕೈಯಲ್ಲಿರುವ ಸಾಕ್ಷಿ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ನೊಂದವಳು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಮೊದಲು ದೂರು ಕೊಟ್ಟು ಬಾ ಎಂದು ಹಿಂದೆ ಕಳಿಸುವಂತಿಲ್ಲ. ಹಾಗೆಂದು ಚೀಟಿಯನ್ನು ಮನೆಗೆ ಒಯ್ಯಬೇಕೆಂದಿಲ್ಲ. ಗಂಡನ ಕೈಗೆ ಸಿಗುತ್ತದೆ ಎಂಬ ಹೆದರಿಕೆ ಇದ್ದರೆ ತವರಿನಲ್ಲೋ, ನಂಬಿಕೆಯ ಗೆಳತಿಯ ಹತ್ತಿರವೋ ಇಡಿ.

ದೊಡ್ಡ ಆಸ್ಪತ್ರೆ ಇಲ್ಲದ ಜಿಲ್ಲೆ ನಮ್ಮದು ಎಂಬ ಗೋಳು ನಿಜ. ಭಟ್ಕಳದವರು ಮಣಿಪಾಲಕ್ಕೆ ಓಡುತ್ತಾರೆ, ಕುಮಟಾದವರು ಕಾರವಾರಕ್ಕೋ ಧಾರವಾಡಕ್ಕೋ. ಆದರೆ ಈ ಕಾಯಿಲೆಗೆ ಸ್ಕ್ಯಾನಿಂಗ್ ಯಂತ್ರ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರು ತರಬೇತಿ ಪಡೆದರೆ ಮನೋರೋಗಕ್ಕೆ ಚಿಕಿತ್ಸೆ ಕೊಡಬಲ್ಲರು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ರಾಜ್ಯ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಆ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂದು ಹೆಚ್ಚಿನ ಗಮನ ತೀವ್ರ ಮನೋರೋಗ, ಮೂರ್ಛೆರೋಗಗಳ ಮೇಲಿತ್ತು, ಏಟು ತಿಂದವಳ ಸರದಿ ಇನ್ನೂ ಬಂದಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಗಿ, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡು ಮಾಡಿತು. ನಿಮ್ಮ ತಾಲೂಕಿಗೆ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ, ಗಂಡನ ಮುಂದೆ ಕೈಚಾಚದೆ ಹೋಗಿ ಬರಬಹುದು. ಹೋಗಲಾಗದವರಿಗೆ 14416 ಇದೆ, ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಅಪಾಯದಲ್ಲಿದ್ದರೆ 181. ಕರೆ ಮಾಡಿದ ಮೇಲೆ ಫೋನಿನಿಂದ ಸಂಖ್ಯೆ ಅಳಿಸಿ.

ಸಂಘದಲ್ಲಿ ನಾವು ಏನು ಮಾಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಸಭೆಯ ನಡುವೆ ಎಲ್ಲರ ಮುಂದೆ "ನಿನ್ನ ಕತೆ ಹೇಳು" ಎಂದು ಒತ್ತಾಯಿಸಬಾರದು. ಹೇಳಿಸಿದರೆ ಹಗುರಾಗುತ್ತದೆ ಎಂದುಕೊಳ್ಳುತ್ತೇವೆ, ಕೆಲವರಿಗೆ ಅಂದು ರಾತ್ರಿ ಎಲ್ಲವೂ ಮತ್ತೊಮ್ಮೆ ನಡೆದಂತಾಗುತ್ತದೆ. "ಹೊಂದಿಕೊಂಡು ಹೋಗು" ಎನ್ನಬಾರದು. "ನಾಳೆಯೇ ಬಿಟ್ಟು ಬಾ" ಎಂದೂ ಅಪ್ಪಣೆ ಮಾಡಬಾರದು. ಬಿಟ್ಟು ಬರುವ ಹೊತ್ತೇ ಅನೇಕ ಸಲ ಎಲ್ಲಕ್ಕಿಂತ ಅಪಾಯದ ಹೊತ್ತು. ಕಂತು ತಪ್ಪಿದವಳಿಗೆ ದಂಡ ಹಾಕುವ ಮೊದಲು ಯಾಕೆ ತಪ್ಪಿತು ಎಂದು ಹೊರಗೆ ಕರೆದು ಕೇಳಿ.

ಆಸ್ಪತ್ರೆಯಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಬಂದವರನ್ನೆಲ್ಲ ಸಾಲಾಗಿ ಪ್ರಶ್ನಿಸಿ ಎಂದು ಹೇಳುವುದಿಲ್ಲ. ಗಾಯದ ಗುರುತು, ಕಾರಣ ಸಿಗದ ನೋವು, ಪದೇ ಪದೇ ಬರುವ ದೂರು ಕಂಡಾಗ, ಒಂಟಿಯಾಗಿ ಕೂರಿಸಿ, ಕೇಳಲು ಕಲಿತವರು ಕೇಳಿ ಎನ್ನುತ್ತದೆ. ಜೊತೆಗೆ ಬಂದ ಗಂಡ, ಅತ್ತೆ, ನಾದಿನಿ ಹೊರಗಿರಬೇಕು, ಇದು ಆಸ್ಪತ್ರೆಯ ನಿಯಮ ಎಂದು ಸಿಸ್ಟರ್ ಹೇಳಿದರೆ ಸಾಕು, ಅವಳ ಮೇಲೆ ಅನುಮಾನ ಬರುವುದಿಲ್ಲ. ಭಟ್ಕಳದಲ್ಲಿ ನವಾಯತಿ ಆಡುವವಳಿಗೆ, ಹೊನ್ನಾವರ, ಕುಮಟಾಗಳಲ್ಲಿ ಕೊಂಕಣಿ ಆಡುವವಳಿಗೆ ಅವರ ಮಾತು ಬಲ್ಲ ಹೆಂಗಸೇ ಕೇಳಲಿ, ಮನೆಯವರ ಬಾಯಿಂದ ಅನುವಾದ ಬೇಡ. ಪ್ರತಿ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಕೈಯಲ್ಲಿ ಸಣ್ಣ ಹಣವೂ ಇರುತ್ತದೆ. ಮುಂದಿನ ವಾರದ ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ಎಲ್ಲರೂ ಸಹಿ ಮಾಡಿ, ಆ ಸಮಿತಿಗೆ ಕೊಡಿ: ಇಂಜೆಕ್ಷನ್ ಕೋಣೆಗೆ ಒಳಗಿನಿಂದ ಹಾಕುವ ಚಿಲಕ, ಇಲ್ಲವೇ ದಪ್ಪ ಬಟ್ಟೆಯ ಪರದೆ, ಎರಡು ಸ್ಟೂಲು. ನಕಲಿನ ಮೇಲೆ ಸ್ವೀಕರಿಸಿದ ಸಹಿ, ದಿನಾಂಕ ಹಾಕಿಸಿಕೊಳ್ಳಲು ಮರೆಯಬೇಡಿ.